ಓಡುವ ತಂಡಕ್ಕೆ ಕಣ್ಣು ಕೊಡುವ ವಿನ್ಯಾಸ

ಹಿಂಜವಡಿ, ಹೈಟೆಕ್ ಸಿಟಿ, ಗುರುಗ್ರಾಮ - ಊರು ಯಾವುದಾದರೂ ಇರಲಿ, ಐಟಿಯಲ್ಲಿರುವ ನಮ್ಮವರ ಮನೆಗಳಲ್ಲಿ ‘ಸ್ಪ್ರಿಂಟ್’, ‘ಸ್ಟ್ಯಾಂಡಪ್’ ಎಂಬ ಮಾತುಗಳು ಈಗ ಉಪ್ಪು-ಹುಳಿಯಷ್ಟೇ ಸಾಮಾನ್ಯ. ನಮ್ಮ ಮನೆಯಲ್ಲೂ ಅಷ್ಟೇ.

ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಬಿಲ್ ಪಾವತಿಯ ಆ್ಯಪ್ ಒಂದನ್ನು ಮಾಡಿತು. ಎರಡು ವಾರಕ್ಕೊಂದು ಸ್ಪ್ರಿಂಟ್, ಎಲ್ಲವೂ ಸಮಯಕ್ಕೆ ಸರಿಯಾಗಿ ಮುಗಿಯಿತು. ಹುಬ್ಬಳ್ಳಿಯಿಂದ ಬಂದಿದ್ದ ಅಪ್ಪನ ಕೈಗೆ ಹೆಮ್ಮೆಯಿಂದ ಕೊಟ್ಟೆ. ಅವರು ಕನ್ನಡ ಆರಿಸಿಕೊಂಡು ಕನ್ನಡಕ ಏರಿಸಿ, “ಇದೇನೋ ‘ರದು’ ಅಂದ್ರ?” ಎಂದರು. ಗುಂಡಿಯ ಎತ್ತರ ಇಂಗ್ಲಿಷ್ ಅಕ್ಷರಗಳ ಅಳತೆಯದು. ‘ರದ್ದು’ ಪದದ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗಿತ್ತು. “ನನಗ ಇದೆಲ್ಲ ತಿಳಿಯಂಗಿಲ್ಲ ಬಿಡಪಾ” ಎಂದು ಫೋನ್ ವಾಪಸ್ ಕೊಟ್ಟರು. ತಪ್ಪು ನಮ್ಮದು, ನಾಚಿಕೆ ಅವರಿಗೆ!

ಅಜೈಲ್ ಪದ್ಧತಿಯ ಹುಳುಕು ಇಲ್ಲೇ ಇದೆಯೇ? 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ರೂಪಿಸಿದರು. ದಪ್ಪ ದಾಖಲೆಗಳಿಗಿಂತ ನಡೆಯುವ ತಂತ್ರಾಂಶ ಮುಖ್ಯ, ಒಪ್ಪಂದದ ಚೌಕಾಸಿಗಿಂತ ಗ್ರಾಹಕರ ಸಹಕಾರ ಮುಖ್ಯ ಎಂದರು. ಮಾತು ಸರಿ. ಆದರೆ ಹಣ ಕೊಡುವ ಗ್ರಾಹಕ ಬೇರೆ, ಗುಂಡಿ ಒತ್ತುವ ಬಳಕೆದಾರ ಬೇರೆ. ನಮ್ಮ ಡೆಮೊ ನೋಡಿ ತಲೆಯಾಡಿಸಿದವರು ಯಾರೂ ಅಪ್ಪನಂತೆ ಬಿಲ್ ಕಟ್ಟುವವರಲ್ಲ.

ಈ ಜಗಳ ಹಳೆಯದು. 2002ರಲ್ಲಿ ಆ 17 ಮಂದಿಯಲ್ಲೊಬ್ಬರಾದ ಕೆಂಟ್ ಬೆಕ್ ಮತ್ತು ವಿನ್ಯಾಸ ತಜ್ಞ ಅಲನ್ ಕೂಪರ್ ನಡುವೆ ದೊಡ್ಡ ಚರ್ಚೆಯೇ ಆಯಿತು. ಕೋಡ್ ಬರೆಯುವ ಮೊದಲು ಬಳಕೆಯ ವಿನ್ಯಾಸ ಮುಗಿಯಬೇಕು ಎಂಬುದು ಕೂಪರ್ ವಾದ. ಹಾಗೆ ಕಾದು ಕುಳಿತರೆ ಕೆಲಸವೇ ಕಟ್ಟಿಹೋಗುತ್ತದೆ ಎಂಬುದು ಬೆಕ್ ವಾದ.

ದಾರಿ ಸಿಕ್ಕಿದ್ದು ಕೆನಡಾದ ಟೊರೊಂಟೊದಲ್ಲಿ. ಅಲ್ಲಿನ ಏಲಿಯಸ್ ಕಂಪನಿಯ (ನಂತರ ಅದು ಆಟೋಡೆಸ್ಕ್ ಪಾಲಾಯಿತು) ಲಿನ್ ಮಿಲ್ಲರ್, ಡೆಸಿರೆ ಸೈ ಎಂಬ ಮಹಿಳೆಯರು ಎರಡು ಹಳಿಗಳ ಪದ್ಧತಿ ರೂಢಿಸಿದರು. ಸೈ ಅದನ್ನು 2007ರಲ್ಲಿ ವಿವರವಾಗಿ ಬರೆದರು. ಪ್ರೋಗ್ರಾಮರ್‌ಗಳು ಈ ಸ್ಪ್ರಿಂಟಿನ ಕೋಡ್ ಬರೆಯುತ್ತಿರುವಾಗಲೇ ವಿನ್ಯಾಸಕರು ಹಿಂದಿನ ಸ್ಪ್ರಿಂಟಿನಲ್ಲಿ ತಯಾರಾದದ್ದನ್ನು ಬಳಕೆದಾರರ ಮುಂದಿಟ್ಟು ಪರೀಕ್ಷಿಸುತ್ತಾರೆ, ಮುಂದಿನದಕ್ಕೆ ವಿನ್ಯಾಸ ಮಾಡುತ್ತಾರೆ, ಅದರಾಚೆಯದಕ್ಕೆ ಮಾಹಿತಿ ಕಲೆಹಾಕುತ್ತಾರೆ. ಮೊದಲ ಸ್ಪ್ರಿಂಟಿನಲ್ಲಿ ಪರದೆಯ ಕೆಲಸ ಕಡಿಮೆ ಇರುವ ಒಳಭಾಗಗಳನ್ನು ಕಟ್ಟಿದರಾಯಿತು, ಯಾರೂ ಯಾರಿಗೂ ಕಾಯಬೇಕಿಲ್ಲ.

ಪರೀಕ್ಷೆಗೆ ಸಮಯವೆಲ್ಲಿ ಎನ್ನುವವರಿಗೆ ಜೇಕಬ್ ನೀಲ್ಸನ್ ಉತ್ತರ ಕೊಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಐದು ಜನರ ಮೇಲೆ ಪರೀಕ್ಷಿಸಿದರೆ ಸುಮಾರು ಶೇ. 85ರಷ್ಟು ತೊಡಕುಗಳು ಕಣ್ಣಿಗೆ ಬೀಳುತ್ತವೆ. 15 ಜನರನ್ನು ಒಮ್ಮೆಗೇ ಕೂರಿಸುವ ಬದಲು ಐದೈದು ಜನರನ್ನು ಮೂರು ಸಲ ಕರೆಯಿರಿ, ನಡುವೆ ತಿದ್ದಿರಿ ಎನ್ನುತ್ತಾರೆ. ಸ್ಪ್ರಿಂಟ್‌ಗಳಿಗೆ ಹೇಳಿ ಮಾಡಿಸಿದ ಮಾತು.

ಮುಂಬಯಿ ಕನ್ನಡಿಗರು ದೂರ ನೋಡಬೇಕಿಲ್ಲ. ಪೊವಾಯಿಯ ಐಐಟಿ ಬಾಂಬೆಯ ಕೈಗಾರಿಕಾ ವಿನ್ಯಾಸ ಕೇಂದ್ರದಲ್ಲಿ ಪ್ರೊ. ಅನಿರುದ್ಧ ಜೋಶಿ ಈ ಎರಡು ವಿದ್ಯೆಗಳನ್ನು ಬೆಸೆಯುವ ಕುರಿತೇ ಸಂಶೋಧನೆ ಮಾಡಿದ್ದಾರೆ. ಅವರ ತಂಡದ ‘ಸ್ವರಚಕ್ರ’ ಕೀಲಿಮಣೆ ಕನ್ನಡದಲ್ಲೂ ಬಂದಿದೆ. ವ್ಯಂಜನ ಒತ್ತಿದರೆ ಸುತ್ತಲೂ ಅದರ ಗುಣಿತಾಕ್ಷರಗಳು ಚಕ್ರದಂತೆ ಅರಳುತ್ತವೆ. ಶಾಲೆಯಲ್ಲಿ ಕಾಗುಣಿತ ಕಲಿತವರನ್ನು ಮನಸ್ಸಿನಲ್ಲಿಟ್ಟು ಮಾಡಿದ ವಿನ್ಯಾಸ ಅದು.

ನಾವು ಆ ಗುಂಡಿಯನ್ನು ಮುಂದಿನ ಸ್ಪ್ರಿಂಟಿನಲ್ಲೇ ಸರಿಪಡಿಸಿದೆವು, ಅರ್ಧ ದಿನದ ಕೆಲಸ. ಅಂದಿನಿಂದ ಯಾವ ಪರದೆಯೂ ‘ಮುಗಿಯಿತು’ ಎನ್ನಿಸಿಕೊಳ್ಳುವ ಮೊದಲು ಅದನ್ನು ನಿಜವಾಗಿ ಬಳಸುವ ಐವರ ಕೈಗೆ ಹೋಗಿಬರಬೇಕೆಂದು ನಿಯಮ ಮಾಡಿಕೊಂಡೆವು. ಆದರೆ ಅಪ್ಪ ಈಗಲೂ ಕರೆಂಟ್ ಬಿಲ್ ಕಟ್ಟಲು ಕೌಂಟರಿಗೇ ಹೋಗುತ್ತಾರೆ. ಆ್ಯಪ್ ತಿದ್ದುವುದು ಸುಲಭ, ಒಮ್ಮೆ ಕಳೆದುಕೊಂಡ ಧೈರ್ಯವನ್ನು ಮರಳಿ ಕೊಡುವುದು ಕಷ್ಟ.