ದತ್ತಸಂಚಯದ ಸಂಪರ್ಕ ತಪ್ಪಿದಾಗ ವರ್ತಕರು ಅನುಸರಿಸಬೇಕಾದ ಕ್ರಮ

ಇಂದು ಸಣ್ಣ ಸಗಟು ಮಳಿಗೆಗಳಲ್ಲಿಯೂ ಕಿರು ಕೈಗಾರಿಕೆಗಳಲ್ಲಿಯೂ ಮೂರು ನಾಲ್ಕು ಗಣಕಯಂತ್ರಗಳಿರುವುದು ಸಾಮಾನ್ಯ. ಒಂದರಲ್ಲಿ ಬಿಲ್ಲು, ಇನ್ನೊಂದರಲ್ಲಿ ಗೋದಾಮಿನ ದಾಸ್ತಾನು, ಮತ್ತೊಂದರಲ್ಲಿ ಲೆಕ್ಕಪತ್ರ. ಇವೆಲ್ಲವೂ ಬೇರೆ ಬೇರೆಯಾಗಿ ಕಂಡರೂ ಲೆಕ್ಕವೆಲ್ಲ ಶೇಖರವಾಗುವುದು ಒಂದೇ ಯಂತ್ರದಲ್ಲಿರುವ ಡೇಟಾಬೇಸ್ ಅಥವಾ ದತ್ತಸಂಚಯದಲ್ಲಿ. ಅನೇಕ ಬಿಲ್ಲಿಂಗ್ ತಂತ್ರಾಂಶಗಳು ಇದಕ್ಕಾಗಿ ಮೈಕ್ರೋಸಾಫ್ಟ್ ಸಂಸ್ಥೆ ಉಚಿತವಾಗಿ ನೀಡುವ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಆವೃತ್ತಿಯನ್ನು ಬಳಸುತ್ತವೆ. ತಂತ್ರಾಂಶದೊಡನೆಯೇ ಅದು ಅಳವಡಿಕೆಯಾಗುವುದರಿಂದ ಅಂಥದೊಂದು ಭಾಗವಿದೆ ಎಂಬುದು ಎಷ್ಟೋ ಮಾಲೀಕರಿಗೆ ತಿಳಿದಿರುವುದಿಲ್ಲ. ಸಂಪರ್ಕ ತಪ್ಪಿ ಬಿಲ್ಲು ನಿಂತ ದಿನವೇ ಅದರ ಹೆಸರು ಮೊದಲ ಬಾರಿಗೆ ಕಿವಿಗೆ ಬೀಳುತ್ತದೆ.

ಇಂತಹ ಸಂದರ್ಭದಲ್ಲಿ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಒಂದಿದೆ. ಸಂಪರ್ಕದೋಷವೆಂದರೆ ಲೆಕ್ಕ ನಾಶವಾಗಿದೆ ಎಂದರ್ಥವಲ್ಲ. ಬಹುಪಾಲು ಪ್ರಸಂಗಗಳಲ್ಲಿ ದತ್ತಾಂಶ ಇದ್ದಲ್ಲಿಯೇ ಸುರಕ್ಷಿತವಾಗಿರುತ್ತದೆ; ಅಲ್ಲಿಗೆ ಹೋಗುವ ದಾರಿ ಮಾತ್ರ ಮುಚ್ಚಿರುತ್ತದೆ. ನಿಜವಾದ ಹಾನಿಯಾಗುವುದು ಅನೇಕ ವೇಳೆ ದೋಷದಿಂದಲ್ಲ, ಗಾಬರಿಯಲ್ಲಿ ಕೈಗೊಂಡ ಪರಿಹಾರದಿಂದ.

ಮೊದಲ ಪ್ರಶ್ನೆ: ದೋಷ ಎಲ್ಲಿದೆ?

ಪರದೆಯ ಮೇಲಿನ ಸಂದೇಶವನ್ನು ಮುಚ್ಚುವ ಮುನ್ನ ಅದರಲ್ಲಿರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು, ಇಲ್ಲವೇ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದುಕೊಳ್ಳಬೇಕು. ಅನಂತರ ದತ್ತಸಂಚಯವಿರುವ ಮುಖ್ಯ ಗಣಕದಲ್ಲಿಯೇ ತಂತ್ರಾಂಶವನ್ನು ತೆರೆದು ನೋಡಬೇಕು. ಅಲ್ಲಿಯೂ ತೆರೆಯದಿದ್ದರೆ ದೋಷ ಆ ಯಂತ್ರದಲ್ಲಿದೆ. ಅಲ್ಲಿ ತೆರೆದು, ಉಳಿದ ಕೌಂಟರುಗಳಲ್ಲಿ ತೆರೆಯದಿದ್ದರೆ ದೋಷ ಹೆಚ್ಚಾಗಿ ನಡುವಣ ಜಾಲದಲ್ಲಿ, ಇಲ್ಲವೇ ಹೊರಗಿನ ಕರೆಗೆ ಮುಖ್ಯ ಗಣಕ ಓಗೊಡದಿರುವುದರಲ್ಲಿದೆ. ಒಂದೇ ಕೌಂಟರಿಗೆ ಸೀಮಿತವಾಗಿದ್ದರೆ ಆ ಕೌಂಟರಿನಿಂದಲೇ ಪರಿಶೀಲನೆ ಆರಂಭಿಸಬೇಕು. ಎರಡು ನಿಮಿಷದ ಈ ಪರೀಕ್ಷೆ ಅರ್ಧ ದಿನದ ಹುಡುಕಾಟವನ್ನು ತಪ್ಪಿಸಬಲ್ಲದು.

ಮುಖ್ಯ ಗಣಕದಲ್ಲಿಯೇ ತೆರೆಯದಿದ್ದರೆ

ದತ್ತಸಂಚಯವನ್ನು ನಡೆಸುವ ಭಾಗವು ತೆರೆಮರೆಯಲ್ಲಿ ‘ಸರ್ವಿಸ್’ ಆಗಿ ಕೆಲಸ ಮಾಡುತ್ತಿರುತ್ತದೆ. ವಿಂಡೋಸ್‌ನ ‘ಸರ್ವಿಸಸ್’ ಪಟ್ಟಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಂಬ ಸಾಲನ್ನು ಹುಡುಕಿ, ಅದು ಚಾಲನೆಯಲ್ಲಿದೆಯೇ ಎಂದು ನೋಡಬೇಕು. ನಿಂತಿದ್ದರೆ ಅಲ್ಲಿಂದಲೇ ಮತ್ತೆ ಚಾಲೂ ಮಾಡಬಹುದು. ಚಾಲೂ ಮಾಡಿದರೂ ಕೂಡಲೇ ನಿಲ್ಲುತ್ತಿದ್ದರೆ ಕಾರಣ ಬೇರೆ: ಡಿಸ್ಕ್ ಭರ್ತಿಯಾಗಿರಬಹುದು, ವಿದ್ಯುತ್ ಹಠಾತ್ತನೆ ಹೋಗಿ ಕಡತ ಕೆಟ್ಟಿರಬಹುದು, ಅಥವಾ ಸರ್ವಿಸ್ ಬಳಸುವ ವಿಂಡೋಸ್ ಖಾತೆಯ ಪಾಸ್‌ವರ್ಡ್ ಬದಲಾಗಿರಬಹುದು. ಸರ್ವರ್ ತನ್ನ ‘ಎರರ್‌ಲಾಗ್’ ಎಂಬ ಕಡತದಲ್ಲಿ ಕಾರಣವನ್ನು ದಾಖಲಿಸಿರುತ್ತದೆ. ತಂತ್ರಜ್ಞರನ್ನು ಕರೆಸಿದಾಗ ಮೊದಲು ತೋರಿಸಬೇಕಾದುದು ಅದನ್ನೇ.

ಕೌಂಟರುಗಳಲ್ಲಿ ಮಾತ್ರ ತೆರೆಯದಿದ್ದರೆ

ಮೊದಲು ಕೇಬಲ್ ಮತ್ತು ಸ್ವಿಚ್‌ನ ದೀಪಗಳನ್ನು ನೋಡಬೇಕು. ಎರಡನೆಯದಾಗಿ ಮುಖ್ಯ ಗಣಕದ ಐಪಿ ವಿಳಾಸ ಬದಲಾಗಿದೆಯೇ ಎಂದು ಪರಿಶೀಲಿಸಬೇಕು. ರೌಟರ್ ತಾನಾಗಿ ವಿಳಾಸ ಹಂಚುವ ವ್ಯವಸ್ಥೆಯಿದ್ದಲ್ಲಿ, ವಿದ್ಯುತ್ ಹೋಗಿ ಬಂದ ಬಳಿಕ ಮುಖ್ಯ ಗಣಕಕ್ಕೆ ಬೇರೆ ವಿಳಾಸ ಸಿಕ್ಕಿರಬಹುದು. ಕೌಂಟರುಗಳು ಹಳೆಯ ವಿಳಾಸದಲ್ಲಿಯೇ ಹುಡುಕುತ್ತಿರುತ್ತವೆ. ಮುಖ್ಯ ಗಣಕಕ್ಕೆ ಸ್ಥಿರ ವಿಳಾಸ ನೀಡುವುದೇ ಇದಕ್ಕೆ ಶಾಶ್ವತ ಪರಿಹಾರ.

ಮೂರನೆಯದು ಫೈರ್‌ವಾಲ್. ರೌಟರ್ ಬದಲಿಸಿದಾಗ ವಿಂಡೋಸ್ ಅದನ್ನು ಹೊಸ ಜಾಲವೆಂದು ಭಾವಿಸಿ ‘ಪಬ್ಲಿಕ್’ ವರ್ಗಕ್ಕೆ ಸೇರಿಸಬಹುದು. ಆಗ ‘ಪ್ರೈವೇಟ್’ ವರ್ಗಕ್ಕೆ ಮಾತ್ರ ನೀಡಿದ್ದ ಅನುಮತಿಗಳು ಅನ್ವಯಿಸುವುದಿಲ್ಲ. ಪಿಂಗ್ ಆದೇಶಕ್ಕೆ ಉತ್ತರ ಬಾರದ ಮಾತ್ರಕ್ಕೆ ಯಂತ್ರ ಜಾಲದಲ್ಲಿಲ್ಲವೆಂದು ತೀರ್ಮಾನಿಸಲಾಗದು. ಫೈರ್‌ವಾಲ್ ಪಿಂಗ್ ಅನ್ನೂ ತಡೆದಿರಬಹುದು.

ನಾಲ್ಕನೆಯದು ಸರ್ವರಿನ ಸ್ವಂತ ಹೊಂದಾಣಿಕೆ. ಎಕ್ಸ್‌ಪ್ರೆಸ್ ಆವೃತ್ತಿಯನ್ನು ಹೊಸದಾಗಿ ಅಳವಡಿಸಿದಾಗ ಟಿಸಿಪಿ/ಐಪಿ ಸಂಪರ್ಕ ಸ್ಥಗಿತ ಸ್ಥಿತಿಯಲ್ಲಿರುತ್ತದೆ. ಕಾನ್ಫಿಗರೇಶನ್ ಮ್ಯಾನೇಜರ್ ಮೂಲಕ ಅದನ್ನು ಸಕ್ರಿಯಗೊಳಿಸಿ ಸರ್ವಿಸ್ ಅನ್ನು ಮರುಚಾಲನೆ ಮಾಡಬೇಕು. ಸಂದೇಶದಲ್ಲಿ 26 ಎಂಬ ಸಂಖ್ಯೆಯಿದ್ದರೆ, ಕೌಂಟರಿಗೆ ಸರ್ವರ್ ಯಾವ ಪೋರ್ಟಿನಲ್ಲಿದೆ ಎಂಬುದೇ ತಿಳಿದಿಲ್ಲವೆಂದರ್ಥ. ಅದನ್ನು ತಿಳಿಸುವ ಎಸ್‌ಕ್ಯೂಎಲ್ ಬ್ರೌಸರ್ ಎಂಬ ಸರ್ವಿಸ್ ನಿಂತಿರಬಹುದು, ಅಥವಾ ಅದು ಬಳಸುವ ಯುಡಿಪಿ 1434 ಪೋರ್ಟ್ ಮುಚ್ಚಿರಬಹುದು. ಸರ್ವರಿಗೆ 1433ರಂತಹ ಒಂದು ಸ್ಥಿರ ಪೋರ್ಟ್ ಗೊತ್ತುಪಡಿಸಿ, ಅದನ್ನು ಕೌಂಟರುಗಳ ಹೊಂದಾಣಿಕೆಯಲ್ಲಿ ನಮೂದಿಸಿದರೆ ಬ್ರೌಸರಿನ ಅವಲಂಬನೆಯೇ ತಪ್ಪುತ್ತದೆ.

ಫೈರ್‌ವಾಲನ್ನು ಪೂರ್ತಿ ತೆಗೆದುಹಾಕಿ ‘ಸರಿಯಾಯಿತು’ ಎನ್ನುವವರಿದ್ದಾರೆ. ಇದು ಅಪಾಯಕಾರಿ. 2003ರ ಜನವರಿ 25ರಂದು ಜಗತ್ತಿನಾದ್ಯಂತ ಹರಡಿದ ‘ಸ್ಲ್ಯಾಮರ್’ ಎಂಬ ಕುತಂತ್ರಾಂಶ ಒಳನುಗ್ಗಿದ್ದು ಇದೇ 1434 ಪೋರ್ಟ್ ಮೂಲಕ. ಆ ದೋಷಕ್ಕೆ ತಿದ್ದುಪಡಿ 2002ರ ಜುಲೈನಲ್ಲಿಯೇ ಲಭ್ಯವಿತ್ತು. ಆದರೆ ಬೇರೆ ತಂತ್ರಾಂಶಗಳೊಡನೆ ಸೇರಿ ಬಂದಿದ್ದ ಎಂಎಸ್‌ಡಿಇ ಎಂಬ ಉಚಿತ ಆವೃತ್ತಿ ತಮ್ಮ ಯಂತ್ರದಲ್ಲಿದೆ ಎಂಬ ಅರಿವೇ ಇಲ್ಲದವರು ತಿದ್ದುಪಡಿ ಅಳವಡಿಸುವುದೆಂತು? ಆದ್ದರಿಂದ ಬೇಕಾದ ಪೋರ್ಟನ್ನು ಮಾತ್ರ, ಮಳಿಗೆಯ ಒಳಜಾಲಕ್ಕೆ ಮಾತ್ರ ತೆರೆಯಬೇಕು; ಅಂತರ್ಜಾಲಕ್ಕೆ ತೆರೆಯಬಾರದು.

ಬಾಗಿಲವರೆಗೆ ಹೋಗಿ ಮರಳಿದರೆ

ಸಂಖ್ಯೆ 18456 ಎಂದಿದ್ದರೆ ದಾರಿ ಸರಿಯಿದೆ, ಆದರೆ ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. 4060 ಎಂದಿದ್ದರೆ ಕೇಳಿದ ಹೆಸರಿನ ದತ್ತಸಂಚಯ ತೆರೆಯುತ್ತಿಲ್ಲ: ಹೆಸರು ತಪ್ಪಿರಬಹುದು, ಆ ಬಳಕೆದಾರರಿಗೆ ಅನುಮತಿ ಇಲ್ಲದಿರಬಹುದು, ಅಥವಾ ದತ್ತಸಂಚಯವೇ ಕೆಟ್ಟಿರಬಹುದು. ಈ ಎರಡೂ ಪ್ರಸಂಗಗಳಲ್ಲಿ ಕೇಬಲ್, ರೌಟರ್‌ಗಳನ್ನು ಬದಲಿಸುವುದು ವ್ಯರ್ಥ ಖರ್ಚು.

ಹೊಸದಾಗಿ ಕೊಂಡ ಒಂದು ಯಂತ್ರದಲ್ಲಿ ಮಾತ್ರ ತೊಂದರೆಯಿದ್ದರೆ 32 ಬಿಟ್ ಮತ್ತು 64 ಬಿಟ್ ವ್ಯತ್ಯಾಸವನ್ನು ಗಮನಿಸಬೇಕು. ವಿಂಡೋಸ್‌ನ 64 ಬಿಟ್ ಓಡಿಬಿಸಿ ವ್ಯವಸ್ಥಾಪಕದಲ್ಲಿ ಸೃಷ್ಟಿಸಿದ ಸಿಸ್ಟಂ ಡಿಎಸ್‌ಎನ್, ಹಳೆಯ 32 ಬಿಟ್ ತಂತ್ರಾಂಶಕ್ಕೆ ಕಾಣಿಸುವುದಿಲ್ಲ. ಅದಕ್ಕೆ 32 ಬಿಟ್ ವ್ಯವಸ್ಥಾಪಕದಲ್ಲಿಯೇ ಮತ್ತೆ ಸೃಷ್ಟಿಸಬೇಕು.

ಸಂಪರ್ಕ ದೊರೆತರೂ ಹೊಸ ಬಿಲ್ಲು ದಾಖಲಾಗದಿದ್ದರೆ ಗಾತ್ರದ ಮಿತಿ ತಲುಪಿರುವ ಸಂಭವವಿದೆ. ಎಕ್ಸ್‌ಪ್ರೆಸ್‌ನ 2005 ಮತ್ತು 2008ರ ಆವೃತ್ತಿಗಳಲ್ಲಿ ಒಂದು ದತ್ತಸಂಚಯದ ಮಿತಿ 4 ಜಿಬಿ; 2008 ಆರ್2ರಿಂದ 2022ರ ಆವೃತ್ತಿಯವರೆಗೆ 10 ಜಿಬಿ.

ಮಾಡಬಾರದ ಕೆಲಸಗಳು

ತಂತ್ರಾಂಶವನ್ನು ತೆಗೆದು ಮತ್ತೆ ಅಳವಡಿಸುವುದು ಮೊದಲ ಉಪಾಯವಾಗಬಾರದು. ಮರು ಅಳವಡಿಕೆಯಲ್ಲಿ ಖಾಲಿ ದತ್ತಸಂಚಯವೊಂದು ಸೃಷ್ಟಿಯಾಗಿ, ಸಿಬ್ಬಂದಿ ಅದರಲ್ಲಿಯೇ ಬಿಲ್ಲು ಮಾಡಲಾರಂಭಿಸಿದರೆ ಒಂದೇ ಸಂಸ್ಥೆಗೆ ಎರಡು ಲೆಕ್ಕಗಳಾಗುತ್ತವೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ಲಿನ ಕ್ರಮಸಂಖ್ಯೆ ಆ ಹಣಕಾಸು ವರ್ಷದಲ್ಲಿ ಪುನರಾವರ್ತನೆಯಾಗುವಂತಿಲ್ಲ. ಒಂದು ದಿನದ ಆತುರ ತಿಂಗಳ ರಿಟರ್ನ್‌ವರೆಗೆ ಕಾಡುತ್ತದೆ. ಅಲ್ಲಿಯವರೆಗೆ ಕೈಬರಹದ ಬಿಲ್ಲು ಪುಸ್ತಕವನ್ನು ಪ್ರತ್ಯೇಕ ಕ್ರಮಸಂಖ್ಯೆಯ ಸರಣಿಯಲ್ಲಿ ಬಳಸಿ, ಸಂಪರ್ಕ ಮರಳಿದ ನಂತರ ಅವುಗಳನ್ನು ನಮೂದಿಸುವುದು ಲೇಸು. ಇ-ಇನ್‌ವಾಯ್ಸ್ ಕಡ್ಡಾಯವಿರುವ ಸಂಸ್ಥೆಗಳು ಮಾತ್ರ ಆ ಪೋರ್ಟಲಿನ ಮೂಲಕವೇ ಬಿಲ್ಲು ನೋಂದಾಯಿಸಬೇಕಾಗುತ್ತದೆ.

ಹಾಗೆಯೇ, ದುರಸ್ತಿಗೆ ಕೈಹಾಕುವ ಮುನ್ನ ದತ್ತಸಂಚಯದ ಒಂದು ಪ್ರತಿಯನ್ನು ಹೊರಗೆ ತೆಗೆದಿಡಬೇಕು. ಸರ್ವಿಸ್ ನಡೆಯುತ್ತಿರುವಾಗ ಅದರ ಕಡತಗಳನ್ನು ನೇರವಾಗಿ ನಕಲಿಸಲು ಬರುವುದಿಲ್ಲ. ತಂತ್ರಾಂಶದ ಬ್ಯಾಕಪ್ ಸೌಲಭ್ಯವನ್ನು ಬಳಸಬೇಕು. ಅದು ಆಗದಿದ್ದರೆ ಸರ್ವಿಸ್ ನಿಲ್ಲಿಸಿ, ಎಂಡಿಎಫ್ ಮತ್ತು ಎಲ್‌ಡಿಎಫ್ ಕಡತಗಳೆರಡನ್ನೂ ನಕಲಿಸಬೇಕು.

ಮುನ್ನೆಚ್ಚರಿಕೆ

ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ನಿಗದಿತ ವೇಳೆಗೆ ತಾನಾಗಿ ಬ್ಯಾಕಪ್ ತೆಗೆಯುವ ‘ಏಜೆಂಟ್’ ಇರುವುದಿಲ್ಲ. ಪ್ರತಿದಿನ ಸಂಜೆ ಒಬ್ಬರು ತೆಗೆಯಬೇಕು, ಇಲ್ಲವೇ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಮೂಲಕ ಏರ್ಪಾಡು ಮಾಡಬೇಕು. ಪ್ರತಿಯನ್ನು ಬೇರೆ ಸ್ಥಳದಲ್ಲಿಟ್ಟು, ಆಗಾಗ ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ ಪರೀಕ್ಷಿಸಬೇಕು. ಜಿಎಸ್‌ಟಿ ಕಾಯಿದೆಯ ಕಲಂ 36ರಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕಡೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕಾಗಿರುವುದರಿಂದ ಇದು ಕೇವಲ ಅನುಕೂಲದ ಮಾತಲ್ಲ.

ಕೊನೆಯದಾಗಿ, ಮುಖ್ಯ ಗಣಕದ ಹೆಸರು ಮತ್ತು ವಿಳಾಸ, ಸರ್ವರಿನ ಹೆಸರು ಮತ್ತು ಆವೃತ್ತಿ, ಪೋರ್ಟ್ ಸಂಖ್ಯೆ, ದತ್ತಸಂಚಯದ ಹೆಸರು, ಬ್ಯಾಕಪ್ ಇರುವ ಸ್ಥಳ, ಸಹಾಯಕ್ಕೆ ಕರೆಯಬೇಕಾದವರ ದೂರವಾಣಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರು ತಮ್ಮ ಬಳಿ ಇಟ್ಟುಕೊಳ್ಳಬೇಕು. ಪಾಸ್‌ವರ್ಡನ್ನು ಬೇರೆಯಾಗಿ, ಬೀಗದೊಳಗೆ ಇಡಬೇಕು. ಈ ವಿವರಗಳೆಲ್ಲ ಒಬ್ಬ ನೌಕರನ ಅಥವಾ ಹೊರಗಿನ ತಂತ್ರಜ್ಞರ ನೆನಪಿನಲ್ಲಿ ಮಾತ್ರ ಇರುವ ಸಂಸ್ಥೆಯಲ್ಲಿ, ಅವರು ಬರುವವರೆಗೆ ವ್ಯಾಪಾರವೂ ಕಾಯಬೇಕಾಗುತ್ತದೆ.