ಕೊಳ ಗುಡಿಸುವ ಯಂತ್ರ ಬಂತು, ನೀರು ನೋಡುವವರು ಯಾರು?

ಮಂಗಳೂರು ಮತ್ತು ಸುತ್ತಮುತ್ತ ಹೊಸ ಮನೆ ಕಟ್ಟುವವರ ಆಸೆಗಳ ಪಟ್ಟಿಗೆ ಈಗ ಇನ್ನೊಂದು ಬಾಬತ್ತು ಸೇರಿಕೊಂಡಿದೆ. ಅದು ಅಂಗಳದ ಈಜುಕೊಳ. ಹಿಂದಿನವರು ಮನೆಗೆ ಮೊದಲು ಬಾವಿ ತೋಡಿಸುತ್ತಿದ್ದರು. ತೋಟ ಇದ್ದವರಿಗೆ ಕೆರೆಯೂ ಇತ್ತು, ಮಕ್ಕಳು ಅದರಲ್ಲೇ ಬಾಳೆದಿಂಡು ಹಿಡಿದುಕೊಂಡು ಈಜು ಕಲಿತರು. ಈಗ ವರ್ಷಕ್ಕೊಮ್ಮೆ ಗಲ್ಫಿನಿಂದ ಬರುವ ಮಗನ ಮಕ್ಕಳಿಗಾಗಿ, ಹೋಂಸ್ಟೇಗೆ ಬರುವ ಬೆಂಗಳೂರಿನ ಅತಿಥಿಗಳಿಗಾಗಿ ನೀಲಿ ಟೈಲ್ಸಿನ ಕೊಳ ಬೇಕು. ಇರಲಿ, ತಪ್ಪೇನಿಲ್ಲ. ಹಣ ಅವರದು, ಜಾಗವೂ ಅವರದು.

ಆದರೆ ಕೊಳ ಕಟ್ಟಿಸುವುದು ಒಂದು, ಅದನ್ನು ಸಾಕುವುದು ಇನ್ನೊಂದು. ಆನೆ ಸಾಕಿದ ಹಾಗೆ, ಪ್ರತಿದಿನ ಖರ್ಚು, ಪ್ರತಿದಿನ ಚಾಕರಿ. ತಳ ತಿಕ್ಕಲು ಜನ ಸಿಗುವುದಿಲ್ಲ, ಸಿಕ್ಕಿದವರು ನಾಳೆ ಬರುತ್ತೇನೆ ಎಂದು ಹೇಳಿ ನಾಡಿದ್ದೂ ಬರುವುದಿಲ್ಲ. ಈ ಸಂಕಟ ಕಂಡುಕೊಂಡೇ ಬಂದಿದೆ ರೋಬಾಟ್ ಕ್ಲೀನರ್. ಹತ್ತಾರು ಸಾವಿರದಿಂದ ಹಿಡಿದು ಲಕ್ಷ ದಾಟಿದ ಬೆಲೆಯವರೆಗೂ ಉಂಟು. "ನೀರಿಗೆ ಬಿಟ್ಟರೆ ಆಯಿತು ಮಾರಾಯ್ರೇ, ಮತ್ತೆ ತಲೆಬಿಸಿಯೇ ಇಲ್ಲ" ಎಂಬುದು ಮಾರುವವರ ಮಾತು. ತಲೆಬಿಸಿ ಇಲ್ಲವೇ? ಅದನ್ನೇ ಇಂದು ಸ್ವಲ್ಪ ವಿಚಾರಿಸೋಣ.

ನೀರಿನೊಳಗಿನ ಆಮೆ

ನೋಡಲು ಇದು ದೊಡ್ಡ ಆಮೆಯಂತೆ. ಕೆಳಗೆ ಚಕ್ರ ಅಥವಾ ರಬ್ಬರಿನ ಪಟ್ಟಿ, ಮುಂದೆ ಹಿಂದೆ ತಿರುಗುವ ಬ್ರಷ್, ಹೊಟ್ಟೆಯಲ್ಲಿ ಒಂದು ಮೋಟಾರು ಮತ್ತು ಫಿಲ್ಟರಿನ ಬುಟ್ಟಿ. ಬ್ರಷ್ ತಳವನ್ನು ಉಜ್ಜುತ್ತದೆ. ಮೋಟಾರು ತಳದ ನೀರನ್ನು ಕಸದ ಸಮೇತ ಒಳಗೆ ಎಳೆಯುತ್ತದೆ. ಕಸ ಬುಟ್ಟಿಯಲ್ಲಿ ಉಳಿಯುತ್ತದೆ, ನೀರು ಮೇಲಿನಿಂದ ಕೊಳಕ್ಕೇ ವಾಪಸು ಹೋಗುತ್ತದೆ. ಹಾಗೆ ಮೇಲಕ್ಕೆ ಹಾರುವ ನೀರಿನ ಒತ್ತಡವೇ ಯಂತ್ರವನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ. ಕೆಲವು ಜಾತಿಯವು ಗೋಡೆಯನ್ನೂ ಹತ್ತುತ್ತವೆ. ಒಂದು ಸುತ್ತಿನ ಕೆಲಸಕ್ಕೆ ಒಂದರಿಂದ ಮೂರು ಗಂಟೆ ಬೇಕು.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ದಕ್ಷಿಣ ಆಫ್ರಿಕದಲ್ಲಿ ಫರ್ಡಿನಂಡ್ ಶೋವಿಯೇ ಎಂಬ ಎಂಜಿನಿಯರ್ 1974ರಲ್ಲಿ 'ಕ್ರೀಪಿ ಕ್ರಾಲಿ' ಎಂಬ ಸಾಧನ ಮಾಡಿದರು. ಅದಕ್ಕೆ ಸ್ವಂತ ಮೋಟಾರು ಇರಲಿಲ್ಲ, ಕೊಳದ ಪಂಪು ನೀರು ಎಳೆಯುವ ಬಲದಲ್ಲೇ ತಳದಲ್ಲಿ ತೆವಳುತ್ತಿತ್ತು. ಸ್ವಂತ ಮೋಟಾರಿನ ರೋಬಾಟುಗಳಲ್ಲಿ ಹೆಸರಾದ 'ಡಾಲ್ಫಿನ್' ಮಾಡುವ ಮೇಟ್ರಾನಿಕ್ಸ್ ಕಂಪೆನಿ 1983ರಲ್ಲಿ ಇಸ್ರೇಲಿನ ಒಂದು ಕಿಬ್ಬುತ್ಸ್‌ನಲ್ಲಿ, ಅಂದರೆ ಊರವರೆಲ್ಲ ಕೂಡಿ ದುಡಿಯುವ ಹಳ್ಳಿಯಲ್ಲಿ, ಹುಟ್ಟಿತು.

ಲಾಭ ಉಂಟು, ಸುಳ್ಳಲ್ಲ

ಯಂತ್ರವನ್ನು ಸುಮ್ಮನೆ ಹಳಿಯುವುದು ನಮ್ಮ ಉದ್ದೇಶವಲ್ಲ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಕೊಳವೆಂದರೆ 40,000 ಲೀಟರ್ ನೀರು. 5,000 ಲೀಟರಿನ ಟ್ಯಾಂಕರಿನಲ್ಲಿ ತರಿಸಿದರೆ 8 ಲೋಡು! ಹಳೆಯ ಪದ್ಧತಿಯಲ್ಲಿ ಉದ್ದ ಕೋಲಿಗೆ ಪೈಪು ಕಟ್ಟಿ ತಳದ ಕೆಸರನ್ನು ಪಂಪಿನಿಂದ ಎಳೆದು ಚರಂಡಿಗೆ ಬಿಡುತ್ತಾರೆ. ಗಂಟೆಗೆ 10,000 ಲೀಟರ್ ಎಳೆಯುವ ಪಂಪು 20 ನಿಮಿಷ ಓಡಿದರೆ 3,300 ಲೀಟರ್ ಹೋಯಿತು. ವಾರಕ್ಕೊಮ್ಮೆ ಹೀಗೆ ಮಾಡಿದರೆ ತಿಂಗಳಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ರೋಬಾಟು ಕಸವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದರಿಂದ ಈ ನೀರು ಉಳಿಯುತ್ತದೆ.

ಇದು ಸಣ್ಣ ಮಾತಲ್ಲ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಎಂದಿತ್ತು. ಮಳೆಗಾಲದಲ್ಲಿ ಕೊಡೆ ಬಿಡದ ನಮ್ಮೂರಿನಲ್ಲೂ ಏಪ್ರಿಲ್-ಮೇ ಬಂತೆಂದರೆ ಬಾವಿಯ ತಳ ಕಾಣುತ್ತದೆ.

ಕರೆಂಟಿನ ಲೆಕ್ಕವೂ ಹಗುರ. ಸಾಮಾನ್ಯ ರೋಬಾಟು ಎರಡು ಗಂಟೆ ಓಡಿದರೆ ಅರ್ಧ ಯೂನಿಟ್ಟೂ ದಾಟುವುದಿಲ್ಲ. ಒಂದು ಅಶ್ವಶಕ್ತಿಯ ಪಂಪು ಅಷ್ಟೇ ಹೊತ್ತು ಓಡಿದರೆ ಎರಡು ಯೂನಿಟ್ಟಿನ ಹತ್ತಿರ ಹೋಗುತ್ತದೆ. ಹಾಗೆಂದು ಪಂಪು ನಿಲ್ಲಿಸಿಬಿಡಬಹುದೇ? ಕೂಡದು. ಇಡೀ ನೀರನ್ನು ಮರಳಿನ ಫಿಲ್ಟರಿನ ಮೂಲಕ ತಿರುಗಿಸುವ ಕೆಲಸ ಪಂಪಿನದೇ. ಗುಡಿಸುವವನು ಬಂದನೆಂದು ಅಡುಗೆಯವನನ್ನು ಬಿಡಿಸಿದರೆ ಊಟ ಯಾರು ಹಾಕುವುದು?

ಕಾಣದ ಕೊಳೆಗೆ ಬ್ರಷ್ ಇಲ್ಲ

ಇಲ್ಲಿಯೇ ಇರುವುದು ಅಸಲು ವಿಷಯ. ರೋಬಾಟು ತೆಗೆಯುವುದು ಕಣ್ಣಿಗೆ ಕಾಣುವ ಕೊಳೆಯನ್ನು: ಮಣ್ಣು, ಎಲೆ, ಕೂದಲು, ಸತ್ತ ಹುಳ. ಕಣ್ಣಿಗೆ ಕಾಣದ್ದನ್ನು ಅದು ಮುಟ್ಟುವುದಿಲ್ಲ. ತಳ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೂ ನೀರಿನಲ್ಲಿ ಕ್ಲೋರಿನ್ ಸೊನ್ನೆ ಇರಬಹುದು. ಮನೆಯವರು ಹೊಳಪು ನೋಡಿ ಮಕ್ಕಳನ್ನು ಇಳಿಸುತ್ತಾರೆ. ಯಂತ್ರ ಬರುವ ಮೊದಲು ತಳ ಕಪ್ಪಾದರೆ ಹೆದರಿಕೆಯಾದರೂ ಆಗುತ್ತಿತ್ತು, ಈಗ ಆ ಹೆದರಿಕೆಯೂ ಹೋಯಿತು!

ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಮೆದುಳಿಗೆ ಏರುವ ಅಮೀಬಾ ರೋಗ ಹಲವರ ಜೀವ ತೆಗೆದದ್ದು ಓದುಗರಿಗೆ ನೆನಪಿರಬಹುದು. ಆ ಜಾತಿಯ ಅಮೀಬಾಗಳ ಪೈಕಿ ಹೆಚ್ಚು ಕುಖ್ಯಾತವಾದದ್ದು ಬೆಚ್ಚಗಿನ ಸಿಹಿನೀರಿನಲ್ಲಿ ಬದುಕಿ ಮೂಗಿನ ಮೂಲಕ ಒಳಗೆ ಹೋಗುತ್ತದೆ. ಕ್ಲೋರಿನ್ ಸರಿಯಾಗಿ ಇರುವ ಕೊಳದಲ್ಲಿ ಅದರ ಆಟ ನಡೆಯುವುದಿಲ್ಲ. ಔಷಧ ಹಾಕದೆ ಬಿಟ್ಟ ಕೊಳ ಮತ್ತು ಹಳೆಯ ಹೊಂಡಕ್ಕೆ ಟೈಲ್ಸಿನ ಹೊರತು ಬೇರೆ ವ್ಯತ್ಯಾಸವಿಲ್ಲ.

ಹಾಗಾದರೆ ನೋಡಬೇಕಾದದ್ದು ಎಂತದ್ದು? ಎರಡೇ ಎರಡು ಅಂಕಿ. ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8. ಪರೀಕ್ಷೆಯ ಪುಟ್ಟ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ. ನಳಿಗೆಗೆ ನೀರು ಹಾಕಿ ಔಷಧ ಸೇರಿಸಿ ಬಣ್ಣ ಹೋಲಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ. ರೋಬಾಟಿನ ಬೆಲೆಯ ಮುಂದೆ ಈ ಪೆಟ್ಟಿಗೆಯ ಬೆಲೆ ಚಿಲ್ಲರೆ ಕಾಸು. ಆದರೂ ಮೊದಲು ಬರುವುದು ರೋಬಾಟು, ಪೆಟ್ಟಿಗೆಯ ಸುದ್ದಿಯೇ ಇಲ್ಲ.

ಕ್ಲೋರಿನ್ ಲೆಕ್ಕವೂ ಕಷ್ಟದ್ದಲ್ಲ. ಸಾವಿರ ಲೀಟರಿಗೆ ಒಂದು ಗ್ರಾಂ ಕ್ಲೋರಿನ್ ಬಿದ್ದರೆ ಒಂದು ಪಿಪಿಎಂ. 40,000 ಲೀಟರಿನ ಕೊಳದಲ್ಲಿ ಒಂದು ಪಿಪಿಎಂ ಏರಿಸಲು 40 ಗ್ರಾಂ ಬೇಕು. ಶೇಕಡ 33ರ ಬ್ಲೀಚಿಂಗ್ ಪೌಡರ್ ಆದರೆ ಸುಮಾರು 120 ಗ್ರಾಂ, ಶೇಕಡ 65ರ ಕೊಳದ ಪುಡಿಯಾದರೆ ಸುಮಾರು 60 ಗ್ರಾಂ. ಆದರೆ ನಮ್ಮ ಕರಾವಳಿಯ ಥಂಡಿಯಲ್ಲಿ ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಬಲ ಕಳೆದುಕೊಂಡು ಬರೀ ಸುಣ್ಣವಾಗುತ್ತದೆ. ಬಿಸಿಲೂ ಕ್ಲೋರಿನ್ನನ್ನು ತಿನ್ನುತ್ತದೆ. ಆದ್ದರಿಂದ ಹಾಕುವುದು ಸಂಜೆ, ನೋಡುವುದು ಬೆಳಿಗ್ಗೆ ಎಂಬುದು ಒಳ್ಳೆಯ ಕ್ರಮ.

ನಮ್ಮ ಬಾವಿ, ನಮ್ಮ ಮಳೆ

ವಿದೇಶದ ಪುಸ್ತಕದಲ್ಲಿ ಬರೆದದ್ದು ನಮ್ಮೂರಿಗೆ ಹಾಗೇ ಹೊಂದುವುದಿಲ್ಲ. ಮುರಕಲ್ಲಿನ ನೆಲದ ಬಾವಿ ನೀರು ಹೆಚ್ಚಾಗಿ ಆಮ್ಲದ ಕಡೆಗೆ ವಾಲಿರುತ್ತದೆ. ಪಿಎಚ್ ಏರಿಸದೆ ಬಿಟ್ಟರೆ ಅದು ಕಣ್ಣು ಉರಿಸುತ್ತದೆ, ಏಣಿಯನ್ನೂ ಟೈಲ್ಸಿನ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಕೆಲವು ಕಡೆ ನೀರಿನಲ್ಲಿ ಕಬ್ಬಿಣದ ಅಂಶವೂ ಉಂಟು. ಅಂಥ ನೀರಿಗೆ ಕ್ಲೋರಿನ್ ಬಿದ್ದ ಕೂಡಲೇ ಕೊಳ ಚಹಾದ ಬಣ್ಣ ತಾಳುತ್ತದೆ. ಆಗ ಪಟಿಕ ಕದಡಿ ಹಾಕಿ ಕೆಸರನ್ನು ತಳಕ್ಕೆ ಕೂರಿಸುವುದು ವಾಡಿಕೆ. ಆ ನುಣ್ಣನೆಯ ಕೆಸರಿನ ಮೇಲೆ ರೋಬಾಟು ಬಿಟ್ಟರೆ ಫಿಲ್ಟರು ಕಟ್ಟಿಕೊಳ್ಳುತ್ತದೆ, ಅರ್ಧ ಕೆಸರು ಮತ್ತೆ ನೀರಿಗೇ ಹಾರುತ್ತದೆ. ಆ ದಿನ ಹಳೆಯ ಕೋಲು-ಪೈಪಿನ ದಾರಿಯೇ ಸರಿ.

ಇನ್ನು ಮಳೆ. ಒಂದು ದಿನ 100 ಮಿಲಿಮೀಟರ್ ಸುರಿದರೆ ಮೇಲೆ ಹೇಳಿದ ಕೊಳಕ್ಕೆ ಬೀಳುವುದು 3,200 ಲೀಟರ್ ಮಳೆನೀರು. ಅಷ್ಟರ ಮಟ್ಟಿಗೆ ಔಷಧದ ನೀರು ಉಕ್ಕಿ ಹೊರಗೆ. ಆಟಿ ತಿಂಗಳಲ್ಲಿ ಇದು ದಿನವೂ ನಡೆಯುವ ಕಥೆ. ತೆಂಗಿನ ಸೋಗೆ, ಹಲಸಿನ ಎಲೆ, ಕಪ್ಪೆ ಎಲ್ಲ ಕೊಳದಲ್ಲೇ. ದೊಡ್ಡ ಕಸವನ್ನು ಕೈಬಲೆಯಿಂದ ತೆಗೆದು ನಂತರವೇ ಯಂತ್ರ ಬಿಡಬೇಕು. ನೀರು ಹಸುರಾದ ಮೇಲೆ ಯಂತ್ರ ಬಿಟ್ಟರೆ ಪಾಚಿ ಹೋಗುವುದಿಲ್ಲ, ಮೊದಲು ಔಷಧ, ತಿಕ್ಕಾಟ, ಆಮೇಲೆ ಯಂತ್ರ.

ಮಳೆಗಾಲಕ್ಕೆ ಯಾರೂ ಬರುವುದಿಲ್ಲವೆಂದು ಕೊಳವನ್ನು ಹಾಗೇ ಬಿಟ್ಟು ಹೋಗುವವರೂ ಉಂಟು. ಅಲ್ಲಿ ಸೊಳ್ಳೆಗೆ ಹೆರಿಗೆ ಆಸ್ಪತ್ರೆ ತೆರೆದಂತೆ! 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಎಂದು ನಿಯಮ ಮಾಡಿತು. ಅಂಗಳದ ತೆಂಗಿನ ಚಿಪ್ಪಿಗೆ ಅನ್ವಯಿಸುವ ನ್ಯಾಯ 40,000 ಲೀಟರಿನ ಕೊಳಕ್ಕೂ ಅನ್ವಯಿಸಬೇಡವೇ?

ನೀರು, ಕರೆಂಟು, ಮನುಷ್ಯ

ಈಗ ಜೀವದ ಪ್ರಶ್ನೆ. ವೈರಿನ ರೋಬಾಟು ನೀರಿನೊಳಗೆ ಓಡುವುದು ಸಾಮಾನ್ಯವಾಗಿ 24ರಿಂದ 30 ವೋಲ್ಟಿನ ಕಡಿಮೆ ಕರೆಂಟಿನಲ್ಲಿ. ಆದರೆ ದಡದಲ್ಲಿ ಇಡುವ ಅದರ ಪೆಟ್ಟಿಗೆಗೆ ಹೋಗುವುದು ಮನೆಯ 230 ವೋಲ್ಟು. ಈ ಪೆಟ್ಟಿಗೆಯನ್ನು ಕೊಳದ ಅಂಚಿನಿಂದ ಕನಿಷ್ಠ ಮೂರೂವರೆ ಮೀಟರ್ ದೂರ, ಮಳೆ ಬೀಳದಲ್ಲಿ, ನೆಲದಿಂದ ಎತ್ತರದಲ್ಲಿ ಇಡಬೇಕು. ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯವಾಗಿ ಇರಲಿ. ಅರ್ತಿಂಗ್ ಸರಿ ಉಂಟೋ ಎಂದು ಬಲ್ಲ ಎಲೆಕ್ಟ್ರಿಷಿಯನ್ನಿನಿಂದ ನೋಡಿಸಿ. ಟೇಪು ಸುತ್ತಿದ ಎಕ್ಸ್‌ಟೆನ್ಷನ್ ವೈರು ಎಳೆದು ಹುಲ್ಲಿನ ಮೇಲೆ ಬಿಡುವ ಧೈರ್ಯ ಬೇಡ.

ಯಂತ್ರ ಓಡುವಾಗ ನೀರಿನಲ್ಲಿ ಯಾರೂ ಇರಕೂಡದು. ಬ್ಯಾಟರಿಯದ್ದಾದರೂ ಅಷ್ಟೆ. ಮಕ್ಕಳಿಗೆ ಅದು ಆಟದ ಸಾಮಾನಿನಂತೆ ಕಾಣುತ್ತದೆ, ವೈರು ಕಾಲಿಗೆ ಸುತ್ತಿಕೊಂಡರೆ ಕಷ್ಟ. ಹೊರಗೆ ತೆಗೆಯುವಾಗ ಮೊದಲು ಪ್ಲಗ್ ಕಳಚಿ, ಯಂತ್ರ ಅಂಚಿಗೆ ಬಂದ ಮೇಲೆ ಹಿಡಿಕೆ ಹಿಡಿದು ಎತ್ತಿ, ವೈರು ಹಿಡಿದು ಎಳೆಯಬೇಡಿ. ಪ್ರತಿ ಸಲ ಫಿಲ್ಟರ್ ತೊಳೆದು ನೆರಳಿನಲ್ಲಿ ಇಡಿ. ಕ್ಲೋರಿನ್ ಹೆಚ್ಚು ಹಾಕಿದ ದಿನ ಯಂತ್ರಕ್ಕೆ ರಜೆ ಕೊಡಿ, ಇಲ್ಲವಾದರೆ ರಬ್ಬರು, ಬ್ರಷ್ ಬೇಗ ಹಾಳು. ಕೊಳ್ಳುವ ಮೊದಲೇ ಬೆಲ್ಟು, ಬ್ರಷ್ಷು ಊರಲ್ಲಿ ಸಿಗುತ್ತದೋ, ರಿಪೇರಿಗೆ ಯಾರು ಬರುತ್ತಾರೆ ಎಂದು ಕೇಳಿ.

ಇನ್ನೊಬ್ಬನ ವಿಷಯ ಯಾರೂ ಮಾತಾಡುವುದಿಲ್ಲ. ಅವನೇ ಕೊಳ ನೋಡಿಕೊಳ್ಳುವ ಹುಡುಗ. ತೋಟದ ಕೆಲಸ, ಗೇಟಿನ ಕೆಲಸ, ಜೊತೆಗೆ ಕೊಳದ ಕೆಲಸ. ಕ್ಲೋರಿನ್ ಪುಡಿ ಮತ್ತು ಆ್ಯಸಿಡ್ ಎರಡನ್ನೂ ಒಂದೇ ಬಾಲ್ದಿಯಲ್ಲಿ ಸೇರಿಸಿದರೆ ವಿಷಗಾಳಿ ಏಳುತ್ತದೆಂದು ಅವನಿಗೆ ಯಾರಾದರೂ ಹೇಳಿದ್ದಾರೆಯೇ? ಎರಡನ್ನೂ ಬೇರೆ ಬೇರೆ ಕಡೆ ಇಡಬೇಕು, ಬೇರೆ ಬೇರೆ ಹೊತ್ತಿನಲ್ಲಿ ಹಾಕಬೇಕು. ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಲಕ್ಷದ ಯಂತ್ರ ತರಿಸಿದ ಧಣಿಗಳು ಅವನಿಗೊಂದು ಜೊತೆ ಗ್ಲೌಸು, ಒಂದು ಕನ್ನಡಕ ತರಿಸಲು ಮರೆಯಬಾರದು.

ಕಾವಲು ಯಾರದು?

2024ರ ನವೆಂಬರ್ 17ರಂದು ಸೋಮೇಶ್ವರ ಉಚ್ಚಿಲದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಸಮುದ್ರವಲ್ಲ, ನದಿಯಲ್ಲ, ನಾಲ್ಕು ಗೋಡೆಯ ಒಂದು ಕೊಳ. ಆ ಸುದ್ದಿಗೆ ಇಡೀ ಜಿಲ್ಲೆ ಮರುಗಿತು. ನೀರು ಸ್ವಚ್ಛವಾಗಿ ಕಂಡಷ್ಟೂ ಆಳ ಕಡಿಮೆಯೆಂದು ತೋರುತ್ತದೆ. ಯಾವ ರೋಬಾಟೂ ಆಳ ಎಷ್ಟೆಂದು ಎಚ್ಚರಿಸುವುದಿಲ್ಲ, ಮುಳುಗುವವರ ಕೈ ಹಿಡಿಯುವುದಿಲ್ಲ. ಅದಕ್ಕೆ ಬೇಕಾದದ್ದು ಸುತ್ತ ಬೇಲಿ, ಬೀಗವಿರುವ ಗೇಟು, ದಡದಲ್ಲಿ ಬರೆದ ಆಳದ ಅಂಕಿ, ಎಸೆಯಲು ಒಂದು ಟ್ಯೂಬು, ಮತ್ತು ಈಜು ಬಲ್ಲ ಒಬ್ಬ ಮನುಷ್ಯನ ಕಣ್ಣು.

ಮನೆಯ ಕೊಳ ಮನೆಯವರ ಜವಾಬ್ದಾರಿ, ಸರಿ. ಆದರೆ ಅದೇ ಮನೆಗೆ ಹೋಂಸ್ಟೇ ಬೋರ್ಡು ತೂಗಿ ದುಡ್ಡು ಪಡೆದು ಅತಿಥಿಗಳನ್ನು ನೀರಿಗಿಳಿಸಿದರೆ ಅದು ಊರಿನ ವಿಷಯವಾಗುತ್ತದೆ. ಹೋಟೆಲಿನಲ್ಲಿ ತಿಂಡಿಯ ದರಪಟ್ಟಿ ತೂಗುಹಾಕುವ ಹಾಗೆ, ಇಂಥ ಕೊಳಗಳ ಪಕ್ಕ ಒಂದು ಕರಿಹಲಗೆ ಇಡಿಸಿದರೆ ಹೇಗೆ? ಇಂದಿನ ತಾರೀಕು, ಕ್ಲೋರಿನ್ ಎಷ್ಟು, ಪಿಎಚ್ ಎಷ್ಟು, ಆಳ ಎಷ್ಟು, ಕಾವಲಿಗೆ ಯಾರು. ಐದು ಸಾಲು ಸಾಕು. ಖರ್ಚು ಒಂದು ಸೀಮೆಸುಣ್ಣದ್ದು. ಅತಿಥಿಗೆ ಓದಲು ಬರುತ್ತದೆ, ಪಂಚಾಯತಿನವರಿಗೆ ತಪಾಸಣೆಗೂ ಸುಲಭ.

ಯಂತ್ರ ತನ್ನ ಪಾಲಿನ ಕೆಲಸ ಮಾಡಲಿ, ತಳ ಗುಡಿಸಲಿ. ನೀರಿನ ಎರಡು ಅಂಕಿ ನೋಡುವುದು, ದಡದಲ್ಲಿ ಕೂತು ಕಣ್ಣಿಡುವುದು ಮನುಷ್ಯರೇ ಮಾಡಬೇಕಾದ ಕೆಲಸ. ಹೋಂಸ್ಟೇಗಳಿಗೆ ಪರವಾನಿಗೆ ಕೊಡುವ ಮಹನೀಯರು ಮುಂದಿನ ರಜೆಯ ಸೀಸನ್ ಶುರುವಾಗುವ ಮೊದಲು ಈ ಕರಿಹಲಗೆಯ ಬಗ್ಗೆ ಒಂದು ಮಾತು ಆಡುವರೇ?