ಹೆರಿಗೆ ವಾರ್ಡಿಗೆ ಹೊರಟ ಹೆಣ್ಣುಮಕ್ಕಳಿಗೆ

ನಮ್ಮದು ತಾಂಡೂರಿನಲ್ಲಿ ತೊಗರಿ ಅಡತಿ ಅಂಗಡಿ. ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ವೈದ್ಯವಿದ್ಯೆಯ ಬಗ್ಗೆ ಬರೆಯುವ ಅಧಿಕಾರ ನಮಗಿಲ್ಲವೆಂಬುದು ಗೊತ್ತು. ಆದರೆ ತಾಂಡೂರು, ಜಹೀರಾಬಾದ್, ನಾರಾಯಣಖೇಡ ಕಡೆಯ ನಮ್ಮ ಸಮಾಜದ ಕೆಲವು ಮನೆಗಳ ಹೆಣ್ಣುಮಕ್ಕಳು ಈಗ ನರ್ಸಿಂಗ್ ಓದುತ್ತಿದ್ದಾರೆ. "ಆಸ್ಪತ್ರೆ ಡ್ಯೂಟಿಗೆ ಹಾಕ್ಯಾರಂತ, ಹೆಂಗ ಮಾಡೂದು ಕಾಕಾ?" ಎಂದು ಅವರ ತಂದೆತಾಯಿ ಅಂಗಡಿಗೆ ಬಂದಾಗ ಕೇಳುತ್ತಾರೆ. ಆದುದರಿಂದ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇವೆ.

ನಮ್ಮ ತಮ್ಮನ ಮೊಮ್ಮಗಳು ಜಿ.ಎನ್.ಎಂ. ಓದುತ್ತಾಳೆ. ಮೂರು ವರ್ಷದ ಕೋರ್ಸು. ಹೆರಿಗೆ ವಾರ್ಡಿನಲ್ಲಿ ಮೊದಲ ವಾರದ ರಾತ್ರಿ ಒಬ್ಬ ಗರ್ಭಿಣಿಯ ಬಿ.ಪಿ. ನೋಡಲು ಹೇಳಿದರು. ವಾರ್ಡಿನ ಗದ್ದಲದಲ್ಲಿ ಅವಳಿಗೆ ಸಪ್ಪಳವೇ ಕೇಳಿಸಲಿಲ್ಲ. ಮೇಲಿನ ಸಾಲಿನಲ್ಲಿ 120/80 ಎಂದಿತ್ತು, ಇವಳೂ ಅದನ್ನೇ ಬರೆದಳು. ತಾಸಿನ ನಂತರ ಆ ಹೆಣ್ಣುಮಗಳು ತಲೆನೋವು ಎಂದಾಗ ಸಿಸ್ಟರ್ ಮತ್ತೆ ನೋಡಿದರೆ 150/100. ಡಾಕ್ಟರು ಬಂದರು, ಔಷಧ ಕೊಟ್ಟರು. ತಾಯಿ ಮಗು ಕ್ಷೇಮವಾಗಿ ಮನೆಗೆ ಹೋದರು. ಸಿಸ್ಟರ್ ಹೇಳಿದ್ದು ಒಂದೇ ಮಾತು: "ಕೇಳಿಸಲಿಲ್ಲ ಅಂದಿದ್ರೆ ನಾನೇ ನೋಡ್ತಿದ್ದೆ."

ಭಾನುವಾರ ಮನೆಗೆ ಬಂದವಳೇ ಚೀಲವನ್ನು ಮಂಚದ ಕೆಳಗೆ ತಳ್ಳಿ, "ಅಜ್ಜಾ, ನಾ ಇನ್ನ ಹೋಗಂಗಿಲ್ಲ" ಎಂದಳು. ಅವಳ ತಾಯಿಗೆ ಒಳಗೊಳಗೇ ಸಂತೋಷ, ಮದುವೆ ಮಾಡಿಬಿಟ್ಟರಾಯಿತೆಂದು. ನಾವು "ಯಾಕ ಹಂಗ ಬರದಿ?" ಎಂದು ಕೇಳಿದೆವು. "ತಿಳೀಲಿಲ್ಲ ಅಂದ್ರ ಬೈತಾರಂತ" ಎಂದಳು.

ನಮ್ಮ ಹದಿನೇಳನೆಯ ವಯಸ್ಸಿನ ಸಂಗತಿ ನೆನಪಾಯಿತು. ತಕ್ಕಡಿಯ ಮುಳ್ಳು ಸರಿಯಾಗಿ ಕಾಣದೆ ಹಿಂದಿನ ಚೀಲದ ತೂಕವನ್ನೇ ಕೀರ್ದಿಗೆ ಬರೆದಿದ್ದೆವು. ತಂದೆಯವರು ಹಿಡಿದು, ಆ ರೈತನ ಊರಿಗೆ ನಮ್ಮನ್ನೇ ನಡೆಸಿ ಕಳಿಸಿ ಹಣ ತಲುಪಿಸಿದರು. ಮರುದಿನ ಅದೇ ಗಾದಿಯ ಮೇಲೆ ಕೂಡಿಸಿದರು. ಇದನ್ನು ಅವಳಿಗೆ ಹೇಳಿದೆವು. ಸೋಮವಾರ ಬೆಳಿಗ್ಗೆ ಅವಳು ಬಸ್ಸು ಹತ್ತಿದಳು.

ಅನಂತರ ನಮಗೆ ಪರಿಚಯದ ನಿವೃತ್ತ ಸಿಸ್ಟರ್ ಒಬ್ಬರನ್ನು ಕೇಳಿ ತಿಳಿದ ಮಾತುಗಳಿವು. ಬಿ.ಪಿ. ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂಡಿಸಬೇಕು, ಪಟ್ಟಿಯನ್ನು ಬರಿ ತೋಳಿಗೆ ಕಟ್ಟಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು. 140/90 ಅಥವಾ ಮೇಲಿದ್ದರೆ ಕೂಡಲೇ ಸಿಸ್ಟರಿಗೆ ಹೇಳಬೇಕು. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗಿರಬೇಕು. ಹೆಚ್ಚುಕಡಿಮೆ ಕಂಡರೆ ಆಗಲೇ ಕರೆಯಬೇಕು. ನೋಡಿದ ಗಳಿಗೆಯಲ್ಲೇ ವೇಳೆ ಹಾಕಿ ಬರೆಯಬೇಕು. ಸಂಜೆ ಕುಳಿತು ನೆನಪಿನಿಂದ ಬರೆಯುವ ಕೀರ್ದಿ ಎಂಥದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಕೇಸ್ ಪುಸ್ತಕದ ಲೆಕ್ಕ ತುಂಬಿಸಲು ಗೆಳತಿಯ ಕೇಸನ್ನು ನಕಲು ಮಾಡುವುದೂ ಅದೇ ಜಾತಿಯದು.

ಕೈ ತೊಳೆಯುವುದರ ಬಗ್ಗೆ ಆ ಸಿಸ್ಟರ್ ವಿಯೆನ್ನಾ ನಗರದ ಕಥೆ ಹೇಳಿದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು, ಹೆಣ ಕೊಯ್ದ ಕೈಯಲ್ಲೇ ಹೆರಿಗೆ ವಾರ್ಡಿಗೆ ಬರುತ್ತಿದ್ದ ವಿದ್ಯಾರ್ಥಿಗಳಿಂದಲೇ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದಾರೆಂದು ಕಂಡುಹಿಡಿದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವು ಬಹಳ ಇಳಿಯಿತು. ಹಿರಿಯ ಡಾಕ್ಟರುಗಳು ಅವರ ಮಾತನ್ನು ಬೇಗ ಒಪ್ಪಲಿಲ್ಲ. ಸಾಬೂನಿನಿಂದಾದರೆ 40ರಿಂದ 60 ಸೆಕೆಂಡು ತೊಳೆಯಬೇಕು, ಒಬ್ಬೊಬ್ಬ ರೋಗಿಯ ನಡುವೆಯೂ.

ವಾರ್ಡಿಗೆ ಹೋಗುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಮೂರು ಸಲ ಆಗಿರಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಬಿಳಿಯ ಗಟ್ಟಿ ಡಬ್ಬಿಗೆ ಹಾಕಬೇಕು. ಚುಚ್ಚಿಕೊಂಡರೆ ಹಿಂಡಬಾರದು, ಬಾಯಿಗೆ ಇಡಬಾರದು. ಸಾಬೂನು ನೀರಿನಿಂದ ತೊಳೆದು ತಕ್ಷಣ ತಿಳಿಸಬೇಕು. ಎಚ್.ಐ.ವಿ. ತಡೆಯುವ ಔಷಧ ಬೇಕಾದರೆ ಕೆಲವೇ ತಾಸುಗಳಲ್ಲಿ ಶುರುವಾಗುವುದು ಒಳ್ಳೆಯದು, 72 ತಾಸು ಮೀರಬಾರದು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಹುಡುಗಿಯರಿದ್ದಾರೆಂದು ಸಿಸ್ಟರ್ ನೊಂದುಕೊಂಡರು.

ಭಾಷೆಯ ವಿಷಯದಲ್ಲಿ ಮಾತ್ರ ನಮ್ಮ ಗಡಿಯ ಮಕ್ಕಳು ಪುಣ್ಯವಂತರು. ಒಂದೇ ವಾರ್ಡಿನಲ್ಲಿ ಒಬ್ಬಳು 'ನೊಪ್ಪುಲು' ಎಂದರೆ ಇನ್ನೊಬ್ಬಳು 'ದರ್ದ್' ಎನ್ನುತ್ತಾಳೆ, ಬೀದರ್ ಕಡೆಯವಳು 'ಬ್ಯಾನಿ' ಎನ್ನುತ್ತಾಳೆ. ತಾಂಡಾದಿಂದ ಬಂದವಳ ಮಾತು ತಿಳಿಯದಿದ್ದರೆ ಜೊತೆಗೆ ಬಂದವರನ್ನು ಕೇಳಬೇಕು, ಊಹೆ ಮಾಡಬಾರದು.

ಇನ್ನು ಮನೆಯವರಿಗೆ. ಹೆರಿಗೆ ವಾರ್ಡಿನಿಂದ ಬಂದ ಮಗಳನ್ನು ಸೂತಕವೆಂದು ಅಡುಗೆಮನೆಯ ಹೊರಗೆ ನಿಲ್ಲಿಸುವವರನ್ನು ಕಂಡಿದ್ದೇವೆ. ಸೂತಕವು ಆ ಮಗುವಿನ ಬಂಧುಗಳಿಗೆ, ಸೇವೆ ಮಾಡಿದವಳಿಗಲ್ಲವೆಂದು ನಮ್ಮ ತಿಳಿವಳಿಕೆ. ಸ್ನಾನ ಮಾಡಿ ಬಟ್ಟೆ ಬದಲಿಸಿದರೆ ಸಾಕು. ಡ್ಯೂಟಿಯ ಬಟ್ಟೆಯನ್ನು ಬೇರೆಯೇ ಒಗೆಯಬೇಕು. ರಾತ್ರಿ ಭೋಜನ ತ್ಯಾಗ ಪಾಲಿಸುವವಳಾದರೆ ಸೂರ್ಯಾಸ್ತಕ್ಕೆ ಮುಂಚೆ ಹೊಟ್ಟೆ ತುಂಬ ಉಣ್ಣಲಿ. ನೀರನ್ನೂ ಬಿಡುವ ನಿಯಮವಿದ್ದರೆ ನೈಟ್ ಡ್ಯೂಟಿಯ ವಾರದ ಮಟ್ಟಿಗೆ ಸಡಿಲಿಸಲೆಂದು ನಾವು ಹೇಳುತ್ತೇವೆ. ಹನ್ನೆರಡು ತಾಸು ನಿಂತು ತಲೆಸುತ್ತಿ ಬಿದ್ದರೆ ರೋಗಿಗೂ ತೊಂದರೆ. ಒಪ್ಪದ ಹಿರಿಯರು ಇದ್ದಾರು.

2017ರಲ್ಲಿ ತೆಲಂಗಾಣದಲ್ಲೇ, ಕರೀಂನಗರದಲ್ಲಿ, 30 ನರ್ಸುಗಳಿಗೆ 18 ತಿಂಗಳ ಸೂಲಗಿತ್ತಿ ವಿದ್ಯೆಯ ವಿಶೇಷ ತರಬೇತಿ ಶುರುವಾಯಿತು. ಮದುವೆಯ ಮಾತೆತ್ತುವ ತಾಯಂದಿರು ಇದನ್ನೂ ತಿಳಿದಿರಲಿ ಎಂದು ಬರೆದೆವು.

ಮೊನ್ನೆ ಮೊಮ್ಮಗಳು ಫೋನ್ ಮಾಡಿದ್ದಳು. "ಇವತ್ತೂ ಕೇಳಿಸಲಿಲ್ಲ ಅಜ್ಜಾ, ಸಿಸ್ಟರಿಗೆ ಹೇಳಿದೆ. ಬೈದ್ರು, ಆಮ್ಯಾಲೆ ಕೈ ಹಿಡಿದು ತೋರಿಸಿದ್ರು" ಎಂದಳು.